ಬಲೂನ್ ಮೇಲೆ ಕೂತ ಸ್ಟೆಂಟ್: ಎಷ್ಟು ಉಬ್ಬಿಸಬೇಕು, ಎಲ್ಲಿ ಕೆಡುತ್ತದೆ?

ಆರನೇ ಸೆಮ್ ಬಿಎಂಇ
ಎಲ್ಲರಿಗೂ ನಮಸ್ಕಾರ. ಬಲೂನಿನಿಂದ ಅರಳಿಸುವ ಸ್ಟೆಂಟ್ ಬಗ್ಗೆ ಪ್ರಾಜೆಕ್ಟ್ ವರದಿ ಬರೆಯಬೇಕಿದೆ. ಪಠ್ಯದಲ್ಲಿ ಲೋಹದ ಗುಣ, ಗ್ರಾಫು ಎಲ್ಲಾ ಇದೆ. ಆದರೆ ಟೇಬಲ್ ಮೇಲೆ ನಿಜವಾಗಿ ಏನು ಮಾಡುತ್ತಾರೆ ಎನ್ನುವುದು ಇಲ್ಲ. ನನ್ನ ಪ್ರಶ್ನೆಗಳು: ಒಳಗೆ ಉಳಿಯುವುದು ಏನು, ಹೊರಗೆ ಬರುವುದು ಏನು? ಒತ್ತಡ ಎಷ್ಟು ಕೊಡುತ್ತಾರೆ, ಯಾಕೆ ಅಷ್ಟೇ? ಸಾಮಾನ್ಯವಾಗಿ ತಪ್ಪುವುದು ಎಲ್ಲಿ? ಕೊನೆಯದಾಗಿ, ಉಬ್ಬಿದ ಸ್ಥಿತಿಯಲ್ಲೇ ದೇಹದೊಳಗೆ ಉಳಿದು ನಾಳಕ್ಕೆ ಆಸರೆ ಕೊಡುವ ಇಂಪ್ಲಾಂಟ್ ಇದೆಯೇ?

ನಾಳಮಿತ್ರ
ಮೊದಲ ಪ್ರಶ್ನೆಯಿಂದಲೇ ಶುರು ಮಾಡೋಣ, ಯಾಕೆಂದರೆ ರೋಗಿಗಳ ಮನೆಯವರಲ್ಲಿ ಅರ್ಧ ಜನ ಇದನ್ನು ತಪ್ಪಾಗಿಯೇ ತಿಳಿದುಕೊಂಡಿರುತ್ತಾರೆ. "ಹೃದಯಕ್ಕೆ ಬಲೂನ್ ಹಾಕಿದ್ದಾರೆ" ಅಂದಾಗ ಒಳಗೊಂದು ಬಲೂನು ಊದಿಕೊಂಡು ಕೂತಿದೆ ಎಂಬ ಚಿತ್ರ ಮೂಡುತ್ತದೆ. ಹಾಗಲ್ಲ. ಬಲೂನು ಒಳಗಿದ್ದು ಕೆಲಸ ಮಾಡುವುದು ಅರ್ಧ ನಿಮಿಷದಷ್ಟು. ಅದು ಹೊರಗೆ ಬರುತ್ತದೆ, ಲೋಹದ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಮಾತ್ರ ಉಳಿಯುತ್ತದೆ.

1977ರ ಸೆಪ್ಟೆಂಬರ್‌ನಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಜಿಗ್ ಎಚ್ಚರವಿದ್ದ ರೋಗಿಯ ಹೃದಯದ ರಕ್ತನಾಳವನ್ನು ಮೊದಲ ಬಾರಿ ಬಲೂನಿನಿಂದ ಹಿಗ್ಗಿಸಿದಾಗ ಸ್ಟೆಂಟ್ ಇರಲಿಲ್ಲ. ಬಲೂನು ತೆಗೆದ ಮೇಲೆ ಕೆಲವರಲ್ಲಿ ನಾಳ ರಬ್ಬರಿನ ಹಾಗೆ ಮತ್ತೆ ಕುಗ್ಗುತ್ತಿತ್ತು. ಇನ್ನು ಕೆಲವರಲ್ಲಿ ಒಳಪದರ ಸೀಳಿ, ಬಾಗಿಲಿನ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಆ ಎರಡನ್ನೂ ತಡೆಯಲು ಬಂದ ಆಸರೆಯೇ ಸ್ಟೆಂಟ್. ಹೂಲಿಯೊ ಪಾಲ್ಮಾಜ್ ಅವರಿಗೆ ಈ ವಿನ್ಯಾಸ ಹೊಳೆದದ್ದು ಗಾರೆ ಕೆಲಸದ ಲೋಹದ ಜಾಲರಿ ನೋಡಿ. ತಗಡಿನಲ್ಲಿ ಸಾಲು ಬಿಟ್ಟು ಸಾಲು ಸೀಳು ಕೊಟ್ಟು ಎಳೆದರೆ ವಜ್ರಾಕಾರದ ಕಿಂಡಿಗಳು ತೆರೆದುಕೊಳ್ಳುತ್ತವಲ್ಲ, ಅದೇ. ಹೃದಯದ ನಾಳಕ್ಕೆ ಪಾಲ್ಮಾಜ್-ಶಾಟ್ಜ್ ಸ್ಟೆಂಟ್ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1994ರಲ್ಲಿ.

ಒಂದು ಲೆಕ್ಕ ಮನಸ್ಸಿನಲ್ಲಿಟ್ಟುಕೊಳ್ಳಿ. 3 ಮಿ.ಮೀ. ವ್ಯಾಸ, 20 ಮಿ.ಮೀ. ಉದ್ದದ ಬಲೂನು ಪೂರ್ತಿ ಉಬ್ಬಿದಾಗ ಒಳಗಿರುವ ದ್ರವ ಸುಮಾರು 0.14 ಮಿ.ಲೀ. ಅಂದರೆ ಮೂರು ಹನಿ. ಆ ಮೂರು ಹನಿಯನ್ನು 12 ಅಟ್ಮಾಸ್ಫಿಯರ್‌ನಲ್ಲಿ ಒತ್ತುತ್ತೇವೆ. ಕಾರಿನ ಚಕ್ರದ ಗಾಳಿಯ ಒತ್ತಡ ಸುಮಾರು 2.2. ಪಾದರಸದ ಲೆಕ್ಕದಲ್ಲಿ 12 ಅಟ್ಮಾಸ್ಫಿಯರ್ ಅಂದರೆ 9,120 ಮಿ.ಮೀ., ಅದೇ ನಾಳದಲ್ಲಿ ರಕ್ತದ ಒತ್ತಡ 120. ಇಷ್ಟು ಒತ್ತಡ ನಾಳದ ಗೋಡೆಗೆ ನೇರವಾಗಿ ಬೀಳುವುದಿಲ್ಲ, ಬಹುಪಾಲನ್ನು ಬಲೂನಿನ ಗೋಡೆಯೇ ಹೊರುತ್ತದೆ. ಆದರೆ ಬಲೂನಿನ ಅಳತೆ ನಾಳಕ್ಕಿಂತ ದೊಡ್ಡದಾದರೆ ಉಳಿದದ್ದನ್ನೆಲ್ಲ ನಾಳವೇ ಹೊರಬೇಕು. ಅಳತೆಗೆ ಇಷ್ಟು ಮಹತ್ವ ಬಂದದ್ದು ಅದಕ್ಕೇ.

ಲೋಹವಿದ್ಯೆ
ಬಲೂನಿನ ಲೆಕ್ಕಕ್ಕೆ ಸ್ವಲ್ಪ ಸೇರಿಸುತ್ತೇನೆ. ಗೋಡೆಯ ಎಳೆತ = ಒತ್ತಡ × ತ್ರಿಜ್ಯ ÷ ಗೋಡೆಯ ದಪ್ಪ. 12 ಅಟ್ಮಾಸ್ಫಿಯರ್ ಅಂದರೆ 1.2 ಮೆಗಾಪಾಸ್ಕಲ್, ತ್ರಿಜ್ಯ 1.5 ಮಿ.ಮೀ., ದಪ್ಪ 20 ಮೈಕ್ರಾನ್ ಅಂತ ಹಿಡಿದರೆ 90 ಮೆಗಾಪಾಸ್ಕಲ್ ಆಸುಪಾಸು ಬರುತ್ತದೆ. ಅಷ್ಟು ತೆಳುವಾದ ಪ್ಲಾಸ್ಟಿಕ್ ಇದನ್ನು ತಡೆಯಬೇಕಾದರೆ ಅದರ ಅಣುಗಳು ಎರಡೂ ದಿಕ್ಕಿಗೆ ಎಳೆದು ಜೋಡಿಸಿದ ಸ್ಥಿತಿಯಲ್ಲಿರಬೇಕು. ಆದ್ದರಿಂದಲೇ ನೈಲಾನ್, ಪೆಬ್ಯಾಕ್ಸ್ ಅಥವಾ ಪಿಇಟಿ ಕೊಳವೆಯನ್ನು ಬಿಸಿ ಅಚ್ಚಿನೊಳಗೆ ಊದಿ ಬಲೂನು ತಯಾರಿಸುತ್ತಾರೆ. ಅದೇ ಸೂತ್ರದಿಂದ ಇನ್ನೊಂದು ಮಾತೂ ಗೊತ್ತಾಗುತ್ತದೆ: ಬಲೂನು ದೊಡ್ಡದಾದಷ್ಟೂ ಕಡಿಮೆ ಒತ್ತಡಕ್ಕೇ ಒಡೆಯುತ್ತದೆ. ಮಹಾಪಧಮನಿಯ ಬಲೂನುಗಳು ಕೆಲವೇ ಅಟ್ಮಾಸ್ಫಿಯರ್‌ಗೆ ಸೀಮಿತವಾಗಿರುವುದು ಅದಕ್ಕೇ.

ಲೋಹದ ವಿಷಯ. ಬಲೂನಿನಿಂದ ಅರಳುವ ಸ್ಟೆಂಟ್‌ಗೆ ಬೇಕಾದ್ದು ಬಾಗಿದ ಮೇಲೆ ಹಾಗೇ ನಿಲ್ಲುವ ಲೋಹ. ಮೊದಲು 316ಎಲ್ ಸ್ಟೇನ್‌ಲೆಸ್ ಸ್ಟೀಲ್ ಇತ್ತು, ಈಗ ಹೆಚ್ಚಾಗಿ ಕೋಬಾಲ್ಟ್-ಕ್ರೋಮಿಯಂ ಅಥವಾ ಪ್ಲಾಟಿನಂ-ಕ್ರೋಮಿಯಂ. ಗಟ್ಟಿ ಲೋಹವಾದ್ದರಿಂದ ಜಾಲರಿಯ ಕಡ್ಡಿಯನ್ನು ತೆಳುವಾಗಿಸಬಹುದು. ಮೊದಲ ತಲೆಮಾರಿನ ಔಷಧ ಲೇಪಿತ ಸ್ಟೆಂಟ್‌ನಲ್ಲಿ ಕಡ್ಡಿ 140 ಮೈಕ್ರಾನ್ ಇದ್ದದ್ದು ಈಗ 80ರ ಆಸುಪಾಸಿಗೆ ಬಂದಿದೆ, ಇನ್ನೂ ತೆಳುವಾದವೂ ಇವೆ. ಕಡ್ಡಿ ತೆಳುವಾದಷ್ಟೂ ರಕ್ತದ ಹರಿವಿಗೆ ಅಡ್ಡಿ ಕಡಿಮೆ, ಒಳಪದರ ಬೇಗ ಬೆಳೆದು ಮುಚ್ಚುತ್ತದೆ. ಹಾಲಿನಲ್ಲಿ ಸಕ್ಕರೆ ಕರಗುವ ಹಾಗೆ ಕರಗಿಹೋಗಲಿ ಎಂದು ಪಾಲಿಲ್ಯಾಕ್ಟೈಡಿನಿಂದ ಮಾಡಿದ ಅಬ್ಸಾರ್ಬ್ ಸ್ಟೆಂಟ್‌ನ ಕಡ್ಡಿ 150 ಮೈಕ್ರಾನ್ ಮೀರಿತ್ತು, ಯಾಕೆಂದರೆ ಪ್ಲಾಸ್ಟಿಕ್‌ಗೆ ಲೋಹದ ಬಲ ಇಲ್ಲ. ಅದರೊಳಗೆ ರಕ್ತ ಹೆಪ್ಪುಗಟ್ಟುವ ಪ್ರಮಾಣ ಲೋಹದ ಸ್ಟೆಂಟಿಗಿಂತ ಹೆಚ್ಚೆಂದು ಕಂಡುಬಂತು. 2017ರಲ್ಲಿ ಮಾರಾಟ ನಿಂತಿತು.

ಇನ್ನು ನಿಟಿನಾಲ್, ಅಂದರೆ ನಿಕಲ್ ಮತ್ತು ಟೈಟಾನಿಯಂ ಮಿಶ್ರಲೋಹ. ಅದು ತಾನಾಗಿ ಅರಳುವ ಜಾತಿ, ಬಲೂನು ಬೇಡ. ಕಾಲಿನ ಮತ್ತು ಕುತ್ತಿಗೆಯ ನಾಳಗಳಿಗೆ ಅದೇ ಸರಿ, ಯಾಕೆಂದರೆ ಹೊರಗಿನಿಂದ ಅದುಮಿದರೆ ಮತ್ತೆ ಏಳುತ್ತದೆ. ಬಲೂನಿನ ಸ್ಟೆಂಟ್ ಒಮ್ಮೆ ಜಜ್ಜಿದರೆ ಜಜ್ಜಿದ್ದೇ.

ಟೇಬಲ್ ಪಕ್ಕ
ಕ್ಯಾಥ್‌ಲ್ಯಾಬ್ (ನಾಳದೊಳಗೆ ಕೊಳವೆ ಹಾಕಿ ಚಿಕಿತ್ಸೆ ಮಾಡುವ ಕೋಣೆ) ಟೆಕ್ನಾಲಜಿಸ್ಟ್ ದೃಷ್ಟಿಯಿಂದ ತಯಾರಿ ಹೇಳುತ್ತೇನೆ. ಇದನ್ನು ಯಾವ ಪುಸ್ತಕವೂ ಪೂರ್ತಿ ಬರೆಯುವುದಿಲ್ಲ.

ಪೆಟ್ಟಿಗೆ ಒಡೆಯುವ ಮೊದಲು ಮೂರನ್ನು ಜೋರಾಗಿ ಓದಿ ಹೇಳಬೇಕು: ವ್ಯಾಸ, ಉದ್ದ, ಅವಧಿ ಮುಗಿಯುವ ದಿನಾಂಕ. "ಮೂರು ಇಪ್ಪತ್ತಮೂರು" ಅಂದರೆ 3.0 ಮಿ.ಮೀ. ವ್ಯಾಸ, 23 ಮಿ.ಮೀ. ಉದ್ದ. ವೈದ್ಯರು ಅದನ್ನೇ ತಿರುಗಿ ಹೇಳಿದ ಮೇಲೆ ಒಡೆಯಿರಿ. ಒಡೆದ ಸ್ಟೆಂಟ್ ವಾಪಸ್ ಹೋಗುವುದಿಲ್ಲ.

ಪೆಟ್ಟಿಗೆಯೊಳಗೆ ಸುತ್ತಿಟ್ಟ ಬಳೆಯಾಕಾರದ ಕೊಳವೆಯಿಂದ ತೆಗೆದು, ಸ್ಟೆಂಟ್ ಮೇಲಿನ ರಕ್ಷಣೆಯ ಕೊಳವೆಯನ್ನು ನೇರವಾಗಿ, ತಿರುಚದೆ ಎಳೆಯಿರಿ. ಸ್ಟೆಂಟನ್ನು ಬೆರಳಿನಿಂದ ಮುಟ್ಟಬಾರದು, ಗಾಜ್ ಬಟ್ಟೆಯಿಂದ ಒರೆಸಬಾರದು. ಗಾಜ್‌ನ ಒಂದು ಎಳೆ ಕಡ್ಡಿಗೆ ಸಿಕ್ಕಿಕೊಂಡರೆ ಸಾಕು, ಸ್ಟೆಂಟ್ ಬಲೂನಿನ ಮೇಲೆ ಸರಿಯುತ್ತದೆ. ಔಷಧದ ಲೇಪವೂ ಕಿತ್ತುಹೋಗುತ್ತದೆ. ಕಣ್ಣಿನಿಂದ ಮಾತ್ರ ನೋಡಿ: ಎರಡೂ ತುದಿ ಬಲೂನಿನ ಎರಡು ಮಾರ್ಕರ್‌ಗಳ (ಎಕ್ಸ್‌ರೇಯಲ್ಲಿ ಕಾಣುವ ಗುರುತು) ನಡುವೆ ಇದೆಯೇ, ಯಾವ ಕಡ್ಡಿಯಾದರೂ ಎದ್ದು ನಿಂತಿದೆಯೇ.

ವೈರ್ (ಬಲೂನಿಗೆ ದಾರಿ ತೋರುವ ತೆಳು ತಂತಿ) ಹೋಗುವ ಕಿಂಡಿಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸಿದ ಸಲೈನ್ ಹಾಯಿಸಿ. ನಂತರ ಇಂಡಿಫ್ಲೇಟರ್, ಅಂದರೆ ಬಲೂನು ಉಬ್ಬಿಸುವ, ಒತ್ತಡದ ಮುಳ್ಳಿರುವ ಸಿರಿಂಜು. ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಮತ್ತು ಸಲೈನ್ ಸಮಪಾಲು ಬೆರೆಸಿ ಸುಮಾರು 10 ಮಿ.ಲೀ. ಎಳೆದುಕೊಳ್ಳಿ. ಮೂತಿ ಮೇಲೆ ಮಾಡಿ, ತಟ್ಟಿ, ಗುಳ್ಳೆ ಪೂರ್ತಿ ಹೊರಹಾಕಿ. ಹಬ್‌ಗೆ (ಬಲೂನ್ ಕೊಳವೆಯ ಹಿಂದಿನ ಬಾಯಿ) ಜೋಡಿಸುವಾಗ ಎರಡೂ ಕಡೆ ಹನಿ ನಿಂತಿರಬೇಕು, ಹನಿಗೆ ಹನಿ ಮುಟ್ಟಿಸಿ ತಿರುಗಿಸಿ. ಒಣ ಹಬ್ ಜೋಡಿಸಿದರೆ ಅಲ್ಲೇ ಗಾಳಿ ಒಳಗೆ ಹೋಗುತ್ತದೆ.

ಆರನೇ ಸೆಮ್ ಬಿಎಂಇ
ಸಮಪಾಲು ಯಾಕೆ ಸರ್? ಬರೀ ಕಾಂಟ್ರಾಸ್ಟ್ ಹಾಕಿದರೆ ಎಕ್ಸ್‌ರೇಯಲ್ಲಿ ಇನ್ನೂ ಚೆನ್ನಾಗಿ ಕಾಣುವುದಿಲ್ಲವೇ? ಮತ್ತೆ ಗಾಳಿ ತೆಗೆಯಲು ಮೊದಲೇ ವ್ಯಾಕ್ಯೂಮ್ ಎಳೆಯಬೇಕು ಎಂದು ಒಂದು ಕಡೆ, ಎಳೆಯಬಾರದು ಎಂದು ಇನ್ನೊಂದು ಕಡೆ ಓದಿದೆ.

ಟೇಬಲ್ ಪಕ್ಕ
ಕಾಣುವುದು ಚೆನ್ನಾಗಿಯೇ ಕಾಣುತ್ತದೆ, ಇಳಿಯುವುದು ಮಾತ್ರ ನಿಧಾನ. ಕಾಂಟ್ರಾಸ್ಟ್ ಜೇನಿನ ಹಾಗೆ ಅಂಟು. 140 ಸೆಂ.ಮೀ. ಉದ್ದದ ಕೂದಲಿನಂಥ ಕಿಂಡಿಯಲ್ಲಿ ಅದು ವಾಪಸ್ ಬರಬೇಕು. ಬಲೂನು ಉಬ್ಬಿರುವಷ್ಟು ಹೊತ್ತೂ ಆ ನಾಳದಲ್ಲಿ ರಕ್ತ ಹರಿಯುವುದಿಲ್ಲ, ರೋಗಿಗೆ ಎದೆ ನೋವು, ಇಸಿಜಿಯಲ್ಲಿ ಎಸ್‌ಟಿ ಎಂಬ ಭಾಗ ಏರುತ್ತದೆ, ಅದು ಹೃದಯಕ್ಕೆ ರಕ್ತ ಸಾಲದ ಗುರುತು. ಹಾಗಾಗಿ ಬೇಗ ಇಳಿಯುವುದು ಮುಖ್ಯ.

ವ್ಯಾಕ್ಯೂಮ್ ವಿಷಯದಲ್ಲಿ ನೀವು ಓದಿದ ಎರಡೂ ಸರಿ. ಸಾದಾ ಬಲೂನಿಗೆ ಮೊದಲೇ ಎಳೆಯುವುದು ವಾಡಿಕೆ. ಸ್ಟೆಂಟ್‌ನಲ್ಲಿ ಕಂಪನಿಗೊಂದು ಕ್ರಮ. ಕೆಲವು ತಯಾರಕರು ಟೇಬಲ್ ಮೇಲೆಯೇ 30 ಸೆಕೆಂಡ್ ಎಳೆದು ಬಿಡಿ ಅನ್ನುತ್ತಾರೆ. ಕೆಲವರು ಸ್ಟೆಂಟ್ ಜಾಗಕ್ಕೆ ತಲುಪುವವರೆಗೆ ಎಳೆಯಲೇ ಬೇಡಿ ಅನ್ನುತ್ತಾರೆ, ಯಾಕೆಂದರೆ ಎಳೆದಾಗ ಬಲೂನಿನ ಮಡಿಕೆ ಕುಗ್ಗಿ ಸ್ಟೆಂಟಿನ ಹಿಡಿತ ಸಡಿಲವಾಗಬಹುದು. ಪೆಟ್ಟಿಗೆಯೊಳಗಿನ ಹಾಳೆ ಏನು ಹೇಳುತ್ತದೋ ಅದೇ. ಒಂದು ಮಾತು ಎಲ್ಲದಕ್ಕೂ ಅನ್ವಯ: ಜಾಗಕ್ಕೆ ಒಯ್ಯುವ ಮೊದಲು ಧನಾತ್ಮಕ ಒತ್ತಡ ಕೊಡಲೇಬೇಡಿ. ಅರ್ಧ ಅರಳಿದ ಸ್ಟೆಂಟ್ ಗೈಡಿಂಗ್ ಕ್ಯಾತಿಟರ್‌ನ (ಬಲೂನನ್ನು ನಾಳದ ಬಾಯಿವರೆಗೆ ಒಯ್ಯುವ ಹೊರಕೊಳವೆ) ಬಾಯಲ್ಲೇ ಸಿಕ್ಕಿಬೀಳುತ್ತದೆ.

ನಾಳಮಿತ್ರ
ಈಗ ಅಳತೆ ಮತ್ತು ಅರಳಿಸುವುದು. ನನ್ನ ಖಚಿತ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಯಾವ ಕಂಪನಿಯ ಸ್ಟೆಂಟ್ ಎಂಬುದಕ್ಕಿಂತ ಅದು ಪೂರ್ತಿ ಅರಳಿದೆಯೇ ಎಂಬುದು ರೋಗಿಯ ಮುಂದಿನ ಹತ್ತು ವರ್ಷವನ್ನು ನಿರ್ಧರಿಸುತ್ತದೆ. ಮನೆಯವರು "ಇಂಪೋರ್ಟೆಡ್ ಹಾಕಿ ಸಾರ್" ಅನ್ನುತ್ತಾರೆ. ಸ್ಟೆಂಟ್ ಸರಿಯಾಗಿ ಅರಳಿದೆಯೇ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು.

ಅಂಕಿಯಲ್ಲಿ ನೋಡಿ. 3.0 ಮಿ.ಮೀ. ಆಗಬೇಕಿದ್ದ ಸ್ಟೆಂಟ್ 2.5ಕ್ಕೆ ನಿಂತಿತು ಅಂದುಕೊಳ್ಳಿ. ವಿಸ್ತೀರ್ಣ 7.1 ಚದರ ಮಿ.ಮೀ. ಬದಲು 4.9. ಅಂದರೆ ಸುಮಾರು ಶೇ. 30 ಖೋತಾ. ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಗುಣ ಎಂಬ ಪಾಯ್ಸೆಲ್ ಸೂತ್ರ ಹಾಕಿದರೆ ಅದೇ ಒತ್ತಡಕ್ಕೆ ಅರ್ಧಕ್ಕಿಂತ ಕಡಿಮೆ. ಅರ್ಧ ಮಿಲಿಮೀಟರ್‌ಗೆ ಇಷ್ಟು ಬೆಲೆ.

ಅಳೆಯುವ ಮೊದಲು ನಾಳದೊಳಗೆ 100ರಿಂದ 200 ಮೈಕ್ರೋಗ್ರಾಂ ನೈಟ್ರೊಗ್ಲಿಸರಿನ್ ಕೊಡಿ, ರಕ್ತದೊತ್ತಡ ಕಡಿಮೆ ಇಲ್ಲದಿದ್ದರೆ. ಬಿಗಿದುಕೊಂಡ ನಾಳವನ್ನು ಅಳೆದು 2.5 ಹಾಕಿದರೆ, ನಾಳ ಸಡಿಲವಾದ ಮೇಲೆ ಸ್ಟೆಂಟ್ ಗೋಡೆಗೆ ತಾಗದೆ ನಡುವೆ ನಿಲ್ಲುತ್ತದೆ. ಹೃದಯಾಘಾತದ ಹೊತ್ತಿನಲ್ಲಿ ಈ ತಪ್ಪು ಹೆಚ್ಚು.

ಐವಸ್ (ನಾಳದೊಳಗಿನ ಅಲ್ಟ್ರಾಸೌಂಡ್) ಅಥವಾ ಓಸಿಟಿ (ನಾಳದೊಳಗೆ ಬೆಳಕಿನಿಂದ ತೆಗೆಯುವ ಚಿತ್ರ) ಇದ್ದರೆ ದೂರದ ತುದಿಯ ಆರೋಗ್ಯಕರ ಭಾಗದ ಹೊರಪದರದ ವ್ಯಾಸ ತೆಗೆದು, ಹತ್ತಿರದ 0.25ಕ್ಕೆ ಕೆಳಗಿಳಿಸಿ ಆರಿಸುತ್ತಾರೆ. ನಾಳ ಮೇಲಿನಿಂದ ಕೆಳಕ್ಕೆ ಕಿರಿದಾಗುತ್ತಾ ಹೋಗುತ್ತದೆ, ಆದ್ದರಿಂದ ಸ್ಟೆಂಟನ್ನು ದೂರದ ತುದಿಗೆ ತಕ್ಕಂತೆ ಆರಿಸಿ, ಹತ್ತಿರದ ತುದಿಯನ್ನು ಆಮೇಲೆ ದೊಡ್ಡ ಚಿಕ್ಕ ಬಲೂನಿನಿಂದ, ಅಂದರೆ ವ್ಯಾಸ ದೊಡ್ಡದು, ಉದ್ದ ಚಿಕ್ಕದು, ಅಂಥದರಿಂದ ಹಿಗ್ಗಿಸುತ್ತಾರೆ. ಅದಕ್ಕೂ ಮಿತಿ ಇದೆ. ಪ್ರತಿ ವಿನ್ಯಾಸಕ್ಕೂ ಇಷ್ಟೇ ವ್ಯಾಸದವರೆಗೆ ಎಂದು ತಯಾರಕರು ಬರೆದಿರುತ್ತಾರೆ. ಅದನ್ನು ಮೀರಿದರೆ ಸ್ಟೆಂಟಿನ ಅಂಕುಡೊಂಕಾದ ಉಂಗುರಗಳು ನೇರವಾಗಿ, ಅವುಗಳ ನಡುವಿನ ಕೊಂಡಿ ಮುರಿಯಬಹುದು.

ಅರಳಿಸುವಾಗ ಒಮ್ಮೆಲೇ ತಿರುಗಿಸಬೇಡಿ. ಎರಡೆರಡು ಅಟ್ಮಾಸ್ಫಿಯರ್ ಏರಿಸುತ್ತಾ ಹೋಗಿ. ಎಕ್ಸ್‌ರೇಯಲ್ಲಿ ಮೊದಲು ಎರಡೂ ತುದಿ ಉಬ್ಬಿ ನಡು ಸಣ್ಣಗಿರುತ್ತದೆ, ಡಮರುಗದ ಹಾಗೆ. ಸ್ಟೆಂಟ್ ಇಲ್ಲದ ಬಲೂನಿನ ಭುಜಗಳಿಗೆ ತಡೆ ಕಡಿಮೆ ಇರುವುದರಿಂದ ಹೀಗಾಗುತ್ತದೆ. ಒತ್ತಡ ಏರಿದಂತೆ ನಡು ಬಿಚ್ಚಿಕೊಳ್ಳುತ್ತದೆ. ಹೆಚ್ಚಿನ ಸ್ಟೆಂಟ್‌ಗಳು 8ರಿಂದ 11 ಅಟ್ಮಾಸ್ಫಿಯರ್‌ನಲ್ಲಿ ಬರೆದ ಅಳತೆಗೆ ಬರುತ್ತವೆ. ಒಡೆಯದೆ ತಡೆಯುವ ಮಿತಿ 14ರಿಂದ 18. ಪೆಟ್ಟಿಗೆಯ ಮೇಲೆ ಒತ್ತಡಕ್ಕೆ ಎಷ್ಟು ವ್ಯಾಸ ಎಂಬ ಕೋಷ್ಟಕ ಇರುತ್ತದೆ. 20ರಿಂದ 30 ಸೆಕೆಂಡ್ ಹಿಡಿದು ಇಳಿಸಿ. ಪೂರ್ತಿ ಇಳಿದ ಮೇಲೆಯೇ ಎಳೆಯಿರಿ.

ಆ ಕೋಷ್ಟಕವನ್ನು ನಂಬಿ ಅಲ್ಲಿಗೇ ಬಿಡಬೇಡಿ. ಅದು ಕಂಪನಿಯವರು ತಡೆ ಇಲ್ಲದ ಕಡೆ ಅಳೆದ ಅಂಕಿ. ಗಟ್ಟಿ ಕೊಬ್ಬಿನ ನಡುವೆ ಅಷ್ಟು ಅರಳುವುದಿಲ್ಲ. ಆದ್ದರಿಂದ ಹೆಚ್ಚು ಹಿಗ್ಗದ ಜಾತಿಯ ನಾನ್-ಕಂಪ್ಲಯಂಟ್ ಬಲೂನನ್ನು ಒಳಗೆ ಒಯ್ದು 16ರಿಂದ 20 ಅಟ್ಮಾಸ್ಫಿಯರ್ ಕೊಡುವುದು. ಅದರ ಉದ್ದ ಸ್ಟೆಂಟಿಗಿಂತ ಕಡಿಮೆ ಇರಬೇಕು, ಅಂಚಿನಿಂದ ಹೊರಗೆ ಹೋಗಬಾರದು. 1995ರಲ್ಲಿ ಮಿಲಾನ್‌ನ ಅಂತೋನಿಯೊ ಕೊಲಂಬೊ ಮತ್ತು ಸಂಗಡಿಗರು ಐವಸ್ ನೋಡಿಕೊಂಡು ಹೆಚ್ಚಿನ ಒತ್ತಡದಲ್ಲಿ ಸ್ಟೆಂಟನ್ನು ಗೋಡೆಗೆ ಕೂರಿಸಿದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನಂಥ ಔಷಧ ಬೇಡವೆಂದು ತೋರಿಸಿದ ಮೇಲೆ ಈ ಕೆಲಸದ ರೀತಿಯೇ ಬದಲಾಯಿತು.

ಕೊನೆಗೆ ಎಷ್ಟು ಬಂದರೆ ಸಾಕು? ಮುಖ್ಯ ಎಡನಾಳ ಬಿಟ್ಟು ಉಳಿದೆಡೆ, ಸ್ಟೆಂಟಿನ ಅತಿ ಕಿರಿದಾದ ಜಾಗದಲ್ಲಿ ಐವಸ್‌ನಲ್ಲಿ 5.5, ಓಸಿಟಿಯಲ್ಲಿ 4.5 ಚದರ ಮಿ.ಮೀ. ಮೀರಬೇಕು, ಜೊತೆಗೆ ಎರಡೂ ಬದಿಯ ಆರೋಗ್ಯಕರ ಭಾಗದ ಸರಾಸರಿಯ ಶೇ. 80 ದಾಟಬೇಕು.

ಘಟಪ್ರಭಾ
ನಾಳಮಿತ್ರ ಸರ್, ಒಂದು ತಕರಾರು. ನೀವು ಹೇಳಿದ್ದು ಓದಿದರೆ ಅರಳದಿದ್ದರೆ ಒತ್ತಡ ಏರಿಸಿ ಎಂದು ಅರ್ಥ ಬರುತ್ತದೆ. ಸುಣ್ಣ (ಕ್ಯಾಲ್ಸಿಯಂ) ಕಟ್ಟಿದ ನಾಳದಲ್ಲಿ ಅದು ಅಪಾಯ. ಗಟ್ಟಿ ಕಡೆ ಬಿಚ್ಚದೆ, ಮೆತ್ತಗಿರುವ ಎದುರು ಗೋಡೆ ಹರಿಯುತ್ತದೆ.

ನಾಳಮಿತ್ರ
ನಿಮ್ಮ ಮಾತು ಪೂರ್ತಿ ಸರಿ, ನಾನು ಬಿಡಿಸಿ ಹೇಳಬೇಕಿತ್ತು. ಕ್ರಮ ಹೀಗಿರಬೇಕು: ಸ್ಟೆಂಟ್ ಹಾಕುವ *ಮೊದಲು* ಅದೇ ಅಳತೆಯ ನಾನ್-ಕಂಪ್ಲಯಂಟ್ ಬಲೂನು ಆ ಜಾಗದಲ್ಲಿ ಪೂರ್ತಿ ಬಿಚ್ಚಿಕೊಳ್ಳಬೇಕು, ಒಂದಕ್ಕೊಂದು ಅಡ್ಡವಾದ ಎರಡು ಕೋನದಿಂದ ನೋಡಿ ಡಮರುಗದಂಥ ಸಣ್ಣ ನಡು ಉಳಿದಿಲ್ಲವೆಂದು ಖಚಿತವಾಗಬೇಕು. ಬಿಚ್ಚದಿದ್ದರೆ ಸ್ಟೆಂಟ್ ಪೆಟ್ಟಿಗೆ ಮುಟ್ಟಬೇಡಿ. ಉಳುಮೆ ಆಗದ ನೆಲಕ್ಕೆ ಬಿತ್ತಿದ ಹಾಗಾಗುತ್ತದೆ. ಸ್ಟೆಂಟ್ ಹಾಕಿದ ಮೇಲೆ ಸುಣ್ಣ ಒಡೆಯುವುದು ಬಹಳ ಕಷ್ಟ.

ಓಸಿಟಿಯಲ್ಲಿ ಸುಣ್ಣದ ಕಮಾನು 180 ಡಿಗ್ರಿಗಿಂತ ಹೆಚ್ಚು, ದಪ್ಪ 0.5 ಮಿ.ಮೀ.ಗಿಂತ ಹೆಚ್ಚು, ಉದ್ದ 5 ಮಿ.ಮೀ.ಗಿಂತ ಹೆಚ್ಚು ಇದ್ದರೆ ಬರೀ ಬಲೂನಿಗೆ ಬಗ್ಗುವುದಿಲ್ಲ ಎಂದು ಎಚ್ಚರಿಕೆ. ಆಗ ಎರಡು ದಾರಿ. ಒಂದು ರೋಟಾ: ವಜ್ರದ ಹರಳು ಕೂರಿಸಿದ ಬುರುಡೆ ನಿಮಿಷಕ್ಕೆ 1,40,000ದಿಂದ 1,80,000 ಸುತ್ತು ತಿರುಗುತ್ತಾ ಸುಣ್ಣ ತೇಯುತ್ತದೆ. ಬುರುಡೆಯ ವ್ಯಾಸ ನಾಳದ ಅರ್ಧದ ಆಸುಪಾಸು ಸಾಕು. ಕೊಕ್ಕಿನಂತೆ ಕುಕ್ಕಿ ಕುಕ್ಕಿ ಹಿಂದೆ ಬರಬೇಕು, ಒಮ್ಮೆಗೆ 20 ಸೆಕೆಂಡ್ ಮೀರಬಾರದು. ಸುತ್ತು 5,000ಕ್ಕಿಂತ ಹೆಚ್ಚು ಕುಸಿದರೆ ಒತ್ತುತ್ತಿದ್ದೀರಿ ಎಂದರ್ಥ, ಹಿಂದೆ ಸರಿಯಿರಿ. ಇನ್ನೊಂದು ಶಾಕ್‌ವೇವ್: ಮೂತ್ರಪಿಂಡದ ಕಲ್ಲು ಒಡೆಯುವ ತತ್ವವೇ ಬಲೂನಿನೊಳಗೆ. ಬಲೂನನ್ನು ಬರೀ 4 ಅಟ್ಮಾಸ್ಫಿಯರ್‌ಗೆ ಉಬ್ಬಿಸಿ 10 ಮಿಡಿತ, ನಂತರ 6ಕ್ಕೆ ಏರಿಸಿ ಇಳಿಸುವುದು, ರಕ್ತ ಹರಿಯಲು ಬಿಟ್ಟು ಮತ್ತೆ. ಕಡಿಮೆ ಒತ್ತಡ ಆದ್ದರಿಂದ ಗೋಡೆಗೆ ಪೆಟ್ಟು ಕಡಿಮೆ. ಬೆಲೆ ಮಾತ್ರ ಸ್ಟೆಂಟಿಗಿಂತ ಎಷ್ಟೋ ಹೆಚ್ಚು, ಅದೇ ನಮ್ಮ ಕಡೆಯ ದೊಡ್ಡ ಅಡ್ಡಿ.

ಐವಸ್ ಇಲ್ಲದ ಕಡೆ ಕನಿಷ್ಠ ಸ್ಟೆಂಟ್‌ಬೂಸ್ಟ್‌ನಂಥ ಚಿತ್ರ ತೆಗೆಯಿರಿ. ಬಲೂನಿನ ಎರಡು ಮಾರ್ಕರ್ ಹಿಡಿದು ಹಲವು ಫ್ರೇಮ್ ಒಟ್ಟುಗೂಡಿಸುವುದರಿಂದ ಕಡ್ಡಿಗಳು ಎದ್ದು ಕಾಣುತ್ತವೆ. ಹೊಸ ಯಂತ್ರಗಳಲ್ಲಿ ಈ ಸೌಲಭ್ಯ ಇದ್ದರೂ ಬಳಸದೆ ಬಿಡುವವರಿದ್ದಾರೆ.

ಟೇಬಲ್ ಪಕ್ಕ
ಮೂರನೇ ಪ್ರಶ್ನೆ, ಅಂದರೆ ಕೆಡುವುದು ಎಲ್ಲಿ ಎಂಬುದಕ್ಕೆ ನನ್ನ ಕಡೆಯಿಂದ.

ಇಂಡಿಫ್ಲೇಟರ್ ಮುಳ್ಳು ಏರುತ್ತಾ ಏರುತ್ತಾ ಥಟ್ಟನೆ ಬಿದ್ದರೆ ಬಲೂನು ಒಡೆದಿದೆ. ತಕ್ಷಣ ಋಣಾತ್ಮಕ ಒತ್ತಡಕ್ಕೆ ಎಳೆಯಿರಿ. ಸಿರಿಂಜಿನಲ್ಲಿ ಕೆಂಪು ಕಂಡರೆ ಖಾತ್ರಿ. ಉದ್ದಕ್ಕೆ ಸೀಳಿದರೆ ಅಷ್ಟು ಅಪಾಯವಿಲ್ಲ. ಸೂಜಿಮೊನೆಯ ತೂತಾದರೆ ಅಲ್ಲಿಂದ ಚಿಮ್ಮುವ ಧಾರೆಯೇ ನಾಳ ಸೀಳಬಲ್ಲದು. ಸ್ಟೆಂಟ್ ಅರ್ಧ ಅರಳಿದ್ದರೆ ವೈರ್ ಅಲುಗಿಸದೆ ಬಲೂನು ಮಾತ್ರ ತೆಗೆದು, ಸಣ್ಣ ಬಲೂನು ಒಳಗೆ ಹಾಕಿ ಪೂರ್ತಿ ಮಾಡಬೇಕು. ವೈರ್ ಕಳೆದುಕೊಂಡರೆ ಮತ್ತೆ ಒಳಗೆ ಹೋಗುವಾಗ ಕಡ್ಡಿಯ ಹೊರಬದಿಯಿಂದ ನುಸುಳುತ್ತದೆ, ಆಮೇಲೆ ಉಬ್ಬಿಸಿದರೆ ಸ್ಟೆಂಟೇ ಜಜ್ಜಿಹೋಗುತ್ತದೆ.

ಬಲೂನು ಇಳಿಯುತ್ತಿಲ್ಲವೇ? ಹೊರಗೆ ಕಾಣುವ ಶಾಫ್ಟ್ (ಬಲೂನಿನ ಉದ್ದ ಕೊಳವೆ) ಎಲ್ಲಾದರೂ ಮಡಚಿಕೊಂಡಿದೆಯೇ ನೋಡಿ, ನೇರ ಮಾಡಿ. ಇಂಡಿಫ್ಲೇಟರ್ ಬದಲಿಸಿ, ದೊಡ್ಡ ಸಿರಿಂಜಿನಿಂದ ಎಳೆಯಿರಿ. ಬಲವಂತವಾಗಿ ಹೊರಗೆಳೆಯಲು ಹೋಗಬೇಡಿ.

ಸ್ಟೆಂಟ್ ಜಾಗಕ್ಕೆ ಹೋಗುತ್ತಿಲ್ಲವೆಂದು ಹಿಂದಕ್ಕೆ ತರುವಾಗ ಗೈಡಿಂಗ್ ಕ್ಯಾತಿಟರ್ ಬಾಯಲ್ಲಿ ಸ್ವಲ್ಪ ತಡೆ ಸಿಕ್ಕಿದರೂ ನಿಲ್ಲಿಸಿ. ಸ್ಟೆಂಟ್ ಬಲೂನಿನಿಂದ ಕಳಚುವುದು ಹೆಚ್ಚಾಗಿ ಅಲ್ಲೇ. ಕ್ಯಾತಿಟರ್ ಮತ್ತು ಬಲೂನನ್ನು ಒಂದೇ ತುಂಡು ಎಂಬಂತೆ ಒಟ್ಟಿಗೆ ಹೊರತೆಗೆಯಬೇಕು. ಕಳಚಿ ವೈರ್ ಮೇಲೇ ಉಳಿದಿದ್ದರೆ 1.25 ಅಥವಾ 1.5 ಮಿ.ಮೀ. ಬಲೂನನ್ನು ಅದರೊಳಗಿಂದ ದಾಟಿಸಿ, ಆಚೆ ಉಬ್ಬಿಸಿ, ಮೆಲ್ಲಗೆ ಎಳೆದುತರಬಹುದು. ಇಲ್ಲದಿದ್ದರೆ ಸ್ನೇರ್, ಅಂದರೆ ಕುಣಿಕೆ ಹಾಕಿ ಹಿಡಿಯುವ ತಂತಿ. ಅದೂ ಆಗದಿದ್ದರೆ ಇರುವಲ್ಲೇ ಅರಳಿಸುವುದು, ಅಥವಾ ಇನ್ನೊಂದು ಸ್ಟೆಂಟಿನಿಂದ ಗೋಡೆಗೆ ಒತ್ತಿಬಿಡುವುದು.

ನಾಳ ತೂತಾದರೆ ಗಡಿಬಿಡಿ ಬೇಡ. ವೈರ್ ಹಾಗೇ ಇರಲಿ, ನಾಳದ ಅಳತೆಯ ಬಲೂನನ್ನು ಅದೇ ಜಾಗದಲ್ಲಿ ಕಡಿಮೆ ಒತ್ತಡದಲ್ಲಿ ಉಬ್ಬಿಸಿ ಮುಚ್ಚಿಹಿಡಿಯಿರಿ. ಅಷ್ಟರಲ್ಲಿ ಎಕೋ, ಹೃದಯದ ಸುತ್ತಲಿನ ರಕ್ತ ತೆಗೆಯುವ ಸೂಜಿ, ಮುಚ್ಚಿದ ಹೊದಿಕೆಯ ಸ್ಟೆಂಟ್ ಮೂರೂ ಟೇಬಲ್ ಮೇಲಿರಬೇಕು. ಹೊದಿಕೆಯ ಸ್ಟೆಂಟ್ ಕಪಾಟಿನಲ್ಲಿ ಇದೆಯೇ ಎಂದು ತೂತಾದ ಮೇಲೆ ಹುಡುಕುವುದಲ್ಲ, ಬೆಳಿಗ್ಗೆ ಲ್ಯಾಬ್ ತೆರೆದಾಗಲೇ ನೋಡಿಕೊಳ್ಳುವುದು.

ಮಲೆನಾಡ ವೈದ್ಯೆ
ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಬಂದವರ ಕಡೆಯಿಂದ ಮೂರು ಮಾತು ಸೇರಿಸಬಹುದೇ?

ಒಂದು, ಮಾತ್ರೆ. ಆಸ್ಪಿರಿನ್ 75 ಮಿ.ಗ್ರಾಂ ಜೊತೆ ಕ್ಲೊಪಿಡೊಗ್ರೆಲ್ 75 ದಿನಕ್ಕೊಮ್ಮೆ, ಅಥವಾ ಟಿಕಾಗ್ರೆಲಾರ್ 90 ದಿನಕ್ಕೆರಡು ಬಾರಿ. ಹೃದಯಾಘಾತ ಆಗಿದ್ದವರಿಗೆ ಸಾಮಾನ್ಯವಾಗಿ 12 ತಿಂಗಳು, ಉಳಿದವರಿಗೆ 6 ತಿಂಗಳು. ರಕ್ತಸ್ರಾವದ ಭಯ ಹೆಚ್ಚಿದ್ದವರಿಗೆ ಹೃದ್ರೋಗ ತಜ್ಞರು ಇನ್ನೂ ಕಡಿಮೆ ಮಾಡಬಹುದು. ಆಮೇಲೂ ಒಂದು ಮಾತ್ರೆ ಮುಂದುವರಿಯುತ್ತದೆ. ಲೋಹದ ಮೇಲೆ ಒಳಪದರ ಬೆಳೆಯುವ ತನಕ ರಕ್ತಕ್ಕೆ ಅದು ಪರಕೀಯ ವಸ್ತು. ಹಲ್ಲು ಕೀಳಿಸಬೇಕು ಎಂದು ಎರಡೂ ಮಾತ್ರೆ ಐದು ದಿನ ಬಿಟ್ಟು ಬರುವವರಿದ್ದಾರೆ. ದಯವಿಟ್ಟು ಬಿಡಿಸಬೇಡಿ. ಹಲ್ಲಿನ ಜಾಗದ ರಕ್ತವನ್ನು ಹತ್ತಿ ಒತ್ತಿ ನಿಲ್ಲಿಸಬಹುದು, ಸ್ಟೆಂಟ್ ಕಟ್ಟಿಕೊಂಡರೆ ದೊಡ್ಡ ಹೃದಯಾಘಾತ. ತುರ್ತಲ್ಲದ ಆಪರೇಷನ್‌ಗಳನ್ನು ಆರು ತಿಂಗಳು, ಹೃದಯಾಘಾತ ಆಗಿದ್ದರೆ ಒಂದು ವರ್ಷ ಮುಂದೂಡುವುದು ಒಳ್ಳೆಯದು.

ಎರಡು, ಎಂಆರ್‌ಐ. ಈ ಲೋಹಗಳು ಅಯಸ್ಕಾಂತಕ್ಕೆ ಅಂಟುವಂಥವಲ್ಲ. ಈಗಿನ ಹೃದಯದ ಸ್ಟೆಂಟ್‌ಗಳಿಗೆ 3 ಟೆಸ್ಲಾವರೆಗಿನ ಯಂತ್ರದಲ್ಲಿ ಷರತ್ತಿನ ಒಪ್ಪಿಗೆ ಇರುತ್ತದೆ. ಸ್ಟೆಂಟ್ ಕಾರ್ಡು ತೋರಿಸಿದರೆ ಸಾಕು. "ಸ್ಟಂಟ್ ಇದೆ, ಸ್ಕ್ಯಾನ್ ಆಗಲ್ಲ" ಎಂದು ಯಾರಾದರೂ ಹಿಂದೆ ಕಳಿಸಿದರೆ ಕಾರ್ಡು ಕೊಟ್ಟು ಇನ್ನೊಮ್ಮೆ ಕೇಳಿ.

ಮೂರು, ಬಿಲ್ಲು. 2017ರ ಫೆಬ್ರವರಿಯಲ್ಲಿ ಎನ್‌ಪಿಪಿಎ (ಔಷಧ ಬೆಲೆ ನಿಗದಿ ಮಾಡುವ ಕೇಂದ್ರ ಸರ್ಕಾರದ ಪ್ರಾಧಿಕಾರ) ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260 ರೂಪಾಯಿ ಎಂದು ತೆರಿಗೆ ಬಿಟ್ಟು ಮಿತಿ ಹಾಕಿತು. ಅದಕ್ಕೆ ಮೊದಲು ಲಕ್ಷ ದಾಟುತ್ತಿತ್ತು. ಆಮೇಲೆ ಸಗಟು ಬೆಲೆ ಸೂಚ್ಯಂಕದ ಜೊತೆ ಪರಿಷ್ಕರಣೆ ಆಗುತ್ತಾ ಬಂದಿದೆ. ಬಿಲ್ಲಿನಲ್ಲಿ ಸ್ಟೆಂಟಿನ ಹೆಸರು, ತಯಾರಕರು, ಬ್ಯಾಚ್ ನಂಬರು, ದರ ಬೇರೆಯಾಗಿ ಬರೆಯಬೇಕೆಂದು ಅದೇ ಆದೇಶದಲ್ಲಿದೆ. ಪೆಟ್ಟಿಗೆಯ ಸ್ಟಿಕ್ಕರ್ ಕೇಸ್‌ಶೀಟಿಗೆ ಅಂಟಿಸಿರುತ್ತಾರೆ, ಅದರ ಪ್ರತಿ ಕೇಳಿ ಪಡೆಯಿರಿ. ಮುಂದೆ ಇನ್ನೊಂದು ಊರಿನಲ್ಲಿ ಮತ್ತೆ ಬಲೂನು ಮಾಡಬೇಕಾದರೆ ಆ ಅಳತೆ ಬೇಕೇಬೇಕು.

ಪಿತ್ತಕೋಶ
ಹೃದಯವೇ ಎಲ್ಲಾ ಅಲ್ಲ, ನಾಳ ಅಂದ ಮೇಲೆ ಪಿತ್ತನಾಳ, ಮೂತ್ರನಾಳವೂ ಬರಬೇಕು. ಇವುಗಳಲ್ಲಿ ಬಲೂನಿನ ಸ್ಟೆಂಟ್ ಸಾಮಾನ್ಯವಾಗಿ ಬಳಸುವುದಿಲ್ಲ. ಪಿತ್ತನಾಳಕ್ಕೆ ಇಆರ್‌ಸಿಪಿ (ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಮಾಡುವ ಚಿಕಿತ್ಸೆ) ಮೂಲಕ ಪ್ಲಾಸ್ಟಿಕ್ ಕೊಳವೆ, ಹೆಚ್ಚಾಗಿ 10 ಫ್ರೆಂಚ್, ಅಂದರೆ 3.3 ಮಿ.ಮೀ. ಒಳಗೆ ಕೆಸರು ಕಟ್ಟುವುದರಿಂದ ಮೂರು ತಿಂಗಳ ಆಸುಪಾಸಿನಲ್ಲಿ ಬದಲಿಸಬೇಕು. ಕ್ಯಾನ್ಸರಿನ ಅಡಚಣೆಗೆ ತಾನಾಗಿ ಅರಳುವ ಲೋಹದ್ದು, 10 ಮಿ.ಮೀ. ವ್ಯಾಸದ್ದು. ಮೂತ್ರನಾಳದ ಡಿಜೆ ಸ್ಟೆಂಟ್ ಎರಡೂ ತುದಿ ಸುರುಳಿಯಾದ ಮೃದು ಕೊಳವೆ ಅಷ್ಟೇ. ಅದರ ದೊಡ್ಡ ತೊಂದರೆ ಮರೆವು. ಕಲ್ಲಿನ ಆಪರೇಷನ್ ಆಗಿ ನೋವು ಹೋಯಿತೆಂದು ತೆಗೆಸದೆ ಬಿಟ್ಟರೆ ತಿಂಗಳುಗಳಲ್ಲಿ ಅದರ ಮೇಲೇ ಕಲ್ಲು ಕಟ್ಟುತ್ತದೆ, ಆಮೇಲೆ ಎಳೆದರೆ ಬರುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ತೆಗೆಸುವ ದಿನಾಂಕ ದೊಡ್ಡದಾಗಿ ಬರೆಯಿಸಿಕೊಳ್ಳಿ.

ಮಕ್ಕಳ ಹೃದಯ
ಬಲೂನಿನೊಳಗೆ ಬಲೂನು ಎಂಬ ಜಾಣ ಏರ್ಪಾಡನ್ನು ಯಾರೂ ಹೇಳಲಿಲ್ಲ. ಮಹಾಪಧಮನಿ ಹುಟ್ಟಿನಿಂದ ಕಿರಿದಾಗಿರುವ ಕೋಆರ್ಕ್ಟೇಷನ್‌ಗೆ ಪ್ಲಾಟಿನಂ-ಇರಿಡಿಯಂ ತಂತಿಯ ದೊಡ್ಡ ಸ್ಟೆಂಟ್ ಹಾಕುತ್ತಾರೆ. ಒಂದೇ ಬಲೂನಾದರೆ ರಕ್ತದ ರಭಸಕ್ಕೆ ಉಬ್ಬುವಾಗಲೇ ಮುಂದಕ್ಕೆ ಜಾರುತ್ತದೆ, ತುದಿಗಳು ಮೊದಲು ಅರಳಿ ಗೋಡೆ ಚುಚ್ಚುತ್ತವೆ. ಬಿಐಬಿ ಬಲೂನಿನಲ್ಲಿ ಒಳಗಿನದು ಹೊರಗಿನದರ ಅರ್ಧ ವ್ಯಾಸ, 1 ಸೆಂ.ಮೀ. ಚಿಕ್ಕದು. ಮೊದಲು ಒಳಗಿನದು ಉಬ್ಬಿಸಿದಾಗ ಸ್ಟೆಂಟ್ ಅರ್ಧ ಅರಳಿ ಬಲೂನಿಗೆ ಬಿಗಿಯಾಗಿ ಹಿಡಿದಿರುತ್ತದೆ. ಕಾಂಟ್ರಾಸ್ಟ್ ಬಿಟ್ಟು ಜಾಗ ನೋಡಿ, ಬೇಕಾದರೆ ಸ್ವಲ್ಪ ಸರಿಸಿ, ನಂತರ ಹೊರಗಿನದನ್ನು ಉಬ್ಬಿಸುವುದು. ಇಳಿಸುವಾಗಲೂ ಎರಡನ್ನೂ ಪೂರ್ತಿ ಇಳಿಸಿ, ಖಾಲಿಯಾದದ್ದನ್ನು ಎಕ್ಸ್‌ರೇಯಲ್ಲಿ ನೋಡಿದ ಮೇಲೆಯೇ ಎಳೆಯುವುದು.

ಲೋಹವಿದ್ಯೆ
ನಾಲ್ಕನೇ ಪ್ರಶ್ನೆ ಉಳಿದಿದೆ: ಉಬ್ಬಿದ ಸ್ಥಿತಿಯಲ್ಲೇ ಉಳಿಯುವ ಇಂಪ್ಲಾಂಟ್. ಇವೆ, ಆದರೆ ಗಾಳಿಯಿಂದಲ್ಲ. ಗಾಳಿ ತೆಳು ಪ್ಲಾಸ್ಟಿಕ್ ಮೂಲಕ ಸೋರುತ್ತದೆ, ಒಡೆದರೆ ರಕ್ತಕ್ಕೆ ಗಾಳಿ ಸೇರುತ್ತದೆ. ಹಾಗಾಗಿ ದ್ರವವಾಗಿ ತುಂಬಿಸಿ ಒಳಗೇ ಗಟ್ಟಿಯಾಗುವ ಪಾಲಿಮರ್ ಬಳಸಿದರು. ಮಹಾಪಧಮನಿಯ ಊತಕ್ಕೆ ಬಂದ ನೆಲಿಕ್ಸ್‌ನಲ್ಲಿ ಬಲೂನಿನಿಂದ ಅರಳುವ ಎರಡು ಸ್ಟೆಂಟ್‌ಗಳ ಸುತ್ತ ಚೀಲಗಳಿದ್ದವು. ಪಾಲಿಎಥಿಲೀನ್ ಗ್ಲೈಕಾಲ್ ಮೂಲದ ದ್ರವ ತುಂಬಿಸಿದರೆ ಚೀಲ ಊತದ ಆಕಾರವನ್ನೇ ತಳೆದು ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತಿತ್ತು. ಯೋಚನೆ ಸೊಗಸಾಗಿತ್ತು. ಆದರೆ ಗೋಡೆಗೆ ಕಚ್ಚುವ ಕೊಕ್ಕೆ ಇರಲಿಲ್ಲ. ವರ್ಷಗಳು ಕಳೆದಂತೆ ಇಡೀ ಸಾಧನ ಕೆಳಗೆ ಜಾರುವುದು, ಪಕ್ಕದಿಂದ ರಕ್ತ ನುಗ್ಗಿ ಊತ ಮತ್ತೆ ಬೆಳೆಯುವುದು ಕಂಡಿತು. 2013ರಲ್ಲಿ ಯುರೋಪಿನ ಒಪ್ಪಿಗೆ ಪಡೆದದ್ದನ್ನು 2019ರ ಜನವರಿಯಲ್ಲಿ ವಾಪಸ್ ಕರೆಸಿಕೊಂಡರು.

ಓವೇಷನ್ ಇನ್ನೊಂದು ಬಗೆ. ಬಟ್ಟೆಯ ಕೊಳವೆಯ ಕುತ್ತಿಗೆಯಲ್ಲಿ ಉಬ್ಬುವ ಉಂಗುರಗಳಿದ್ದು ಅದೇ ಜಾತಿಯ ಪಾಲಿಮರ್ ತುಂಬಿ ಮುಚ್ಚಿಗೆ ಕೊಡುತ್ತವೆ. ಹಿಡಿತಕ್ಕೆ ಮೇಲೆ ಮುಳ್ಳಿರುವ ನಿಟಿನಾಲ್ ಸ್ಟೆಂಟ್ ಬೇರೆಯೇ ಇದೆ. ಅಲ್ಲಿನ ಅಪಾಯ, ತುಂಬುವಾಗ ಪಾಲಿಮರ್ ರಕ್ತಕ್ಕೆ ಸೋರಿದರೆ ಅಲರ್ಜಿಯಂಥ ಪ್ರತಿಕ್ರಿಯೆ, ರಕ್ತದೊತ್ತಡ ಥಟ್ಟನೆ ಕುಸಿತ. ನಿಮ್ಮ ವರದಿಗೆ ಈ ಎರಡನ್ನೂ ಹೋಲಿಸಿ ಬರೆಯಿರಿ. ಮುಚ್ಚುವ ಕೆಲಸ ಮತ್ತು ಹಿಡಿದು ನಿಲ್ಲುವ ಕೆಲಸ ಬೇರೆ ಬೇರೆ. ಉಬ್ಬಿದ ಚೀಲ ಮೊದಲನೆಯದನ್ನು ಮಾಡುತ್ತದೆ, ಎರಡನೆಯದಕ್ಕೆ ಲೋಹ ಬೇಕೇ ಬೇಕು.

ಆರನೇ ಸೆಮ್ ಬಿಎಂಇ
ಎಲ್ಲರಿಗೂ ತುಂಬಾ ಧನ್ಯವಾದ. ಕಾಲೇಜಿಗೆ ಅವಧಿ ಮುಗಿದ ಎರಡು ಸ್ಟೆಂಟ್ ಸಿಕ್ಕಿವೆ, ಇಂಡಿಫ್ಲೇಟರ್ ಕೂಡ. ಬೆಂಚ್ ಮೇಲೆ ಏನು ಅಳೆಯಬಹುದು?

ಲೋಹವಿದ್ಯೆ
ಒಂದನ್ನು ಬಯಲಲ್ಲಿ, ಇನ್ನೊಂದನ್ನು ಒಳವ್ಯಾಸ ಸ್ಟೆಂಟಿಗಿಂತ 0.3 ಮಿ.ಮೀ. ಕಡಿಮೆ ಇರುವ ಸಿಲಿಕೋನ್ ಕೊಳವೆಯೊಳಗೆ ಅರಳಿಸಿ. ಎರಡೂ 37 ಡಿಗ್ರಿ ನೀರಿನಲ್ಲಿರಲಿ, ತಣ್ಣಗಿದ್ದರೆ ಬಲೂನಿನ ಪ್ಲಾಸ್ಟಿಕ್ ಬಿಗಿಯಾಗಿ ಅಂಕಿ ಬದಲಾಗುತ್ತದೆ. 2 ಅಟ್ಮಾಸ್ಫಿಯರ್‌ಗೊಮ್ಮೆ ನಿಲ್ಲಿಸಿ, ಸ್ಕೇಲ್ ಪಕ್ಕದಲ್ಲಿಟ್ಟು ಫೋಟೊ ತೆಗೆದು ಎರಡು ತುದಿ ಮತ್ತು ನಡು, ಮೂರೂ ಕಡೆ ವ್ಯಾಸ ಅಳೆಯಿರಿ. ಕ್ಯಾಲಿಪರ್ ತಾಗಿಸಬೇಡಿ, ತೆಳು ಕಡ್ಡಿ ಅಷ್ಟಕ್ಕೇ ಬಾಗುತ್ತದೆ. ಉದ್ದವನ್ನೂ ಪ್ರತಿ ಹಂತದಲ್ಲಿ ಬರೆದುಕೊಳ್ಳಿ, ಅರಳಿದಂತೆ ಎಷ್ಟು ಗಿಡ್ಡವಾಗುತ್ತದೆ ಎಂದು ತಿಳಿಯುತ್ತದೆ. ಪೆಟ್ಟಿಗೆಯ ಮೇಲೆ ಬರೆದ ಗರಿಷ್ಠ ಒತ್ತಡ ದಾಟಬೇಡಿ, ಕನ್ನಡಕ ಹಾಕಿಕೊಳ್ಳಿ. ಕೊನೆಗೆ ಬಲೂನು ಇಳಿಸಿ ತೆಗೆದ ಮೇಲೆ ಇನ್ನೊಮ್ಮೆ ಅಳೆಯಿರಿ. ಉಬ್ಬಿದ್ದಾಗಿನ ವ್ಯಾಸಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವೇ ರಿಕಾಯಿಲ್.

ಟೇಬಲ್ ಪಕ್ಕ
ಬೆಂಚ್ ಮೇಲೆ ಆದರೂ ಗುಳ್ಳೆ ತೆಗೆದೇ ಮಾಡಿ. ಸಿರಿಂಜಿನಲ್ಲಿ ಗಾಳಿ ಉಳಿದರೆ ಮುಳ್ಳು ಏರುವುದು ತಡವಾಗುತ್ತದೆ, ಹ್ಯಾಂಡಲ್ ಎಷ್ಟು ತಿರುಗಿಸಿದಿರಿ ಎಂಬ ಲೆಕ್ಕವೂ ತಪ್ಪುತ್ತದೆ. ಮೊದಲ ಸ್ಟೆಂಟಿನ ಅಂಕಿ ಬಂದ ಮೇಲೆ ಇಲ್ಲೇ ಹಾಕಿ, ಪೆಟ್ಟಿಗೆಯ ಕೋಷ್ಟಕದ ಫೋಟೊ ಜೊತೆಗೆ.